ಬಿಳಿಚಿಕೊಂಡ ಮಡಿಯ ಗುಪ್ತ ವಿಚಾರಣೆ

ಮುಂದಿನ ಕೋಣೆ, ಕಿಟಕಿಯ ಪಕ್ಕ
ನವೆಂಬರ್ ೧೮, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಈ ಮನೆಯ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಬೇಕಾದ ಒಂದು ಮಹತ್ವದ ಸಂಗತಿಯನ್ನು ನಿನ್ನ ಸನ್ನಿಧಿಯಲ್ಲಿ ಅತ್ಯಂತ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತಿದ್ದೇನೆ: ನಮ್ಮ ಹಿತ್ತಲ ಬಾಗಿಲು ಈಗ ಕಿರುಗುಟ್ಟುವುದಿಲ್ಲ. ಹೌದು, ಅದೇ ಬಾಗಿಲು. ನೀನು ವರ್ಷಗಟ್ಟಲೆ 'ಒಂದು ತೊಟ್ಟು ಎಣ್ಣೆ ಬಿಡ್ರೀ, ಕಿವಿ ತೂತಾಗುತ್ತೆ' ಎಂದು ಗೋಗರೆದಾಗ ಭಾವ 'ಕಳ್ಳ ಬಂದ್ರೆ ಗೊತ್ತಾಗ್ಲಿ ಬಿಡೇ' ಎಂದು ತಳ್ಳಿಹಾಕಿದ ಬಾಗಿಲು. ನೀನು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮಗಳ ಮನೆಗೆ ಹೋಗಿ, ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲದ ಕಾಲದಲ್ಲಿ ಭಾವ ತಾವಾಗಿಯೇ ಅದರ ಕೀಲುಗಳಿಗೆ ಎಣ್ಣೆ ಬಿಟ್ಟಿದ್ದಾರೆ. ಹೆಂಡತಿ ಎದುರಿಗಿದ್ದಾಗ ಮಾಡದ ಕೆಲಸವನ್ನು ಗಂಡನಾದವನು ಹೆಂಡತಿ ಊರಲ್ಲಿಲ್ಲದಾಗ ಮಾಡಿದರೆ ಅದಕ್ಕೆ ಏನರ್ಥ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಅದಕ್ಕೇ ಈ ಕಾಗದ.

ಅದಕ್ಕೆ ಮೊದಲು ನಿನ್ನ ಆರೋಗ್ಯ. ಹೊಲಿಗೆ ಹಾಕಿದ ಜಾಗದ ನೋವು ಪೂರ್ತಿ ಹೋಯಿತೇ? ಎಡಮಗ್ಗುಲಿಗೆ ಮಲಗಲು ಆಗುತ್ತಿದೆಯೇ? ಹೋದ ಸಲದ ನಿನ್ನ ಕಾಗದದಲ್ಲಿ ನಿನ್ನ ಬಗ್ಗೆ ಇದ್ದದ್ದು 'ನಾನು ಚೆನ್ನಾಗಿದ್ದೇನೆ' ಎಂಬ ಒಂದೇ ಸಾಲು, ಮಿಕ್ಕ ಪುಟಗಳೆಲ್ಲ ಗದ್ದೆಯ ಗೊಬ್ಬರದ ಮಾತು. ಆಯಸ್ಸಿಡೀ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ನಾನು; ಇಂಥ ಒಂಟಿ ಸಾಲು ಕಂಡರೆ ಅದರ ಹಿಂದೆ ಒಂದು ಪ್ಯಾರಾ ಬಿಟ್ಟುಹೋಗಿದೆ ಎಂದೇ ನನ್ನ ಅನುಮಾನ. ತೆನೆ ಹೊರಡುವ ಸಮಯಕ್ಕೆ ನಿನ್ನ ಮಗಳಿಗೆ ಫೋನು ಮಾಡಿ ಕೇಳಿದ್ದೆ. 'ಏನು ಹೇಳ್ಲಿ ಮಾವ, ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡ್ತಾಳೆ. ಅಂಗಡಿ ಅಂಗಡಿ ಅಲೆದು ಅಕ್ಕಿ ಬದಲಾಯಿಸಿದ್ದೇ ಆಯ್ತು, ಎಲ್ಲದಕ್ಕೂ ಒಂದೇ ಮಾತು, ರಬ್ಬರ್ ಅಗಿದ ಹಾಗಿದೆ ಅಂತ. ತೂಕ ಏರೋವರೆಗೆ ಮನೆಗೆ ಕಳಿಸಲ್ಲ ಅಂದುಬಿಟ್ಟಿದ್ದಾರೆ ಡಾಕ್ಟ್ರು' ಎಂದಳು. ಅವಳು ಹೇಳುವಾಗ ಭಾವ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಪುಟ ಮಾತ್ರ ತಿರುಗಲಿಲ್ಲ. ಈಗಲೂ ಫೋನಿನಲ್ಲೇ ಎಲ್ಲ ಹೇಳಬಹುದಿತ್ತು, ಆದರೆ ನಿನ್ನ ಮಗಳು ಸ್ಪೀಕರ್ ಹಾಕುತ್ತಾಳೆ, ಇಲ್ಲಿ ಗೋಡೆಗಳಿಗೆ ಭಾವನ ಕಿವಿಗಳಿವೆ. ಕಾಗದವಾದರೆ ಒಬ್ಬರೇ ಓದುತ್ತಾರೆ. (ಮಗಳೇ, ನೀನು ಓದುತ್ತಿದ್ದರೆ ಈಗಲೇ ಮಡಚಿ ಅಮ್ಮನಿಗೆ ಕೊಡು.)

ನೀನು ನನ್ನನ್ನು ನೇಮಿಸಿದ ಹುದ್ದೆಯ ವಿಚಾರಕ್ಕೆ ಬರುತ್ತೇನೆ. ನಾಟಿ ಮುಗಿದ ಬೆನ್ನಿಗೇ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಟವಳು ಕಾರಿನ ಗಾಜು ಇಳಿಸಿ, ನನ್ನನ್ನು ಹತ್ತಿರ ಕರೆದು ಹೇಳಿದ್ದೇನು? ನೋವಿನ ಮಾತೇ? 'ಲೋ ಕೊಕ್ಕೆ, ನಿನ್ನ ಭಾವ ಒಳ್ಳೇವ್ರು, ಗೊಬ್ಬರದ ವಿಷಯದಲ್ಲಿ ಮಾತ್ರ ನಂಬ್ಬೇಡ. ಒಂದು ಕಣ್ಣಿಟ್ಟಿರು.' ಎಲ್ಲದಕ್ಕೂ ಕೊಕ್ಕೆ ಹಾಕುತ್ತಾನೆ ಎಂದು ಚಿಕ್ಕಂದಿನಲ್ಲಿ ನೀನೇ ಇಟ್ಟ ಹೆಸರು ಅವತ್ತು ಮೊದಲ ಸಲ ಬಿರುದಿನ ಹಾಗೆ ಕೇಳಿಸಿತು. ಎದೆಯುಬ್ಬಿಸಿ ಒಪ್ಪಿಕೊಂಡೆ. ಆಮೇಲೆ ಹೊಳೆಯಿತು, ಕಣ್ಣಿಡಬೇಕಾದದ್ದು ಯಾರ ಮೇಲೆ? ಬಸ್ಸಿನ ಕಂಡಕ್ಟರಾಗಿ ಕೆಲಸ ಮಾಡಿ ನಿವೃತ್ತರಾದವರ ಮೇಲೆ! ಸೀಟಿನ ಕೆಳಗೆ ಚೀಲದಲ್ಲಿ ಮುದುರಿ ಕೂತ ಕೋಳಿಗೂ ಟಿಕೆಟ್ ಹರಿದ ಮನುಷ್ಯ. ನಿದ್ದೆ ಬಂದವರ ಹಾಗೆ ನಟಿಸುವವರನ್ನು ಉಸಿರಿನ ಶಬ್ದದಿಂದಲೇ ಹಿಡಿಯುತ್ತಿದ್ದರಂತೆ. ನಾನು ಬದುವಿನ ಮೇಲೆ ಸುಮ್ಮನೆ ನಿಂತರೂ 'ಏನಯ್ಯಾ, ಎಲ್ಲಿ ಇಳೀಬೇಕು?' ಎನ್ನುತ್ತಾರೆ. ಕರಡು ತಿದ್ದುವವನು ಕಂಡಕ್ಟರನ್ನು ಕಾಯುವುದೆಂದರೆ ಇಬ್ಬರು ಕಾವಲುಗಾರರು ಒಬ್ಬರ ಮನೆ ಮುಂದೆ ಇನ್ನೊಬ್ಬರು ಕೂತ ಹಾಗೆ. ಕಳ್ಳತನವೂ ಆಗುವುದಿಲ್ಲ, ನಿದ್ದೆಯೂ ಆಗುವುದಿಲ್ಲ.

ಆದರೆ ನಿನ್ನ ಆತಂಕದಲ್ಲಿ ಹುರುಳಿದೆ ಎಂಬುದನ್ನು ಒಪ್ಪುತ್ತೇನೆ. ಗಿರಣಿಯಲ್ಲಿ ಮಾದರಿ ನೋಡುವವನು ಪ್ರತಿಯೊಬ್ಬರ ಭತ್ತದಿಂದಲೂ ಹಿಡಿಯಷ್ಟು ತೆಗೆದು ಸುಲಿಸಿ, ದೀಪದ ಪೆಟ್ಟಿಗೆಯ ಮೇಲೆ ಹರಡಿ, ನುಚ್ಚೆಷ್ಟು, ಹೊಟ್ಟೆಯಲ್ಲಿ ಸುಣ್ಣ ತುಂಬಿದ ಹಾಗೆ ಬೆಳ್ಳಗಿರುವ ಕಾಳೆಷ್ಟು ಎಂದು ಹೆಕ್ಕಿದ ಮೇಲೇ ಮೊದಲ ರಾಶಿಯೋ ಎರಡನೆಯದೋ ಎಂದು ತೀರ್ಪು ಕೊಡುವುದು. ನಿನ್ನ ಭತ್ತ ಎಂದೂ ಎರಡನೇ ರಾಶಿಗೆ ಬಿದ್ದದ್ದಿಲ್ಲ. ನಿನ್ನ ಹೊಟ್ಟೆ ಕೊಯ್ದವರಿಗೂ ಅರಿವಳಿಕೆ ಇಳಿಯುವ ಮೊದಲೇ ನೀನು ಆ ವಿಷಯ ಹೇಳಿದೆಯಂತೆ. ಇಂಥ ಹೆಸರನ್ನು ಇಬ್ಬರು ಗಂಡಸರ ಕೈಯಲ್ಲಿಟ್ಟು ಹೋಗಬೇಕಾಗಿ ಬಂದದ್ದು ಎಂಥ ಸಂಕಟ ಎಂದು ನನಗೆ ಅರ್ಥವಾಗುತ್ತದೆ. ಅದರಲ್ಲೂ ಒಬ್ಬನಿಗೆ ಭತ್ತದ ಪೈರಿಗೂ ಹುಲ್ಲಿಗೂ ವ್ಯತ್ಯಾಸ ತಿಳಿದದ್ದು ಈ ವರ್ಷ. (ಅದು ನಾನು. ನೀನು ಹೇಳುವ ಮೊದಲು ನಾನೇ ಹೇಳಿಬಿಟ್ಟೆ.)

ಮೊದಲ ಗೊಬ್ಬರ ನಾಟಿಯ ಕೆಸರಿನಲ್ಲಿ ನಿನ್ನ ಕಣ್ಣೆದುರೇ ಸೇರಿತ್ತು. ಎರಡನೆಯದು ಬುಡದಲ್ಲಿ ಹೊಸ ಕವಲಿನ ಮರಿ ಒಡೆಯುವಾಗ ಹಾಕಬೇಕು, ಅದಕ್ಕೆ ಮೊದಲೂ ಬೇಡ, ಆಮೇಲೂ ಬೇಡ ಎಂದು ನಿನ್ನ ಅಪ್ಪಣೆ. ಆದರೆ ಪಕ್ಕದ ಗದ್ದೆಯವನು, ನೀನು ದಾನಶೂರ ಎಂದು ಹೆಸರಿಟ್ಟವನು, ಯೂರಿಯಾ ಚೀಲಕ್ಕೆ ಬಾಯಿ ಕಟ್ಟುವ ಅಭ್ಯಾಸವೇ ಇಲ್ಲದವನು, ಆಗಲೇ ಧಾರಾಳವಾಗಿ ಎರಚಿ ಮುಗಿಸಿದ್ದ. ಅವನ ಗದ್ದೆ ಕಡುಹಸಿರಾಗಿ ನಮ್ಮದನ್ನು ನೋಡಿ ನಗುತ್ತಿತ್ತು. ಭಾವ ಚಡಪಡಿಸಿಹೋದರು. 'ಅವನ ಬಸ್ ಹೊರಟೇಹೋಯ್ತಲ್ಲಯ್ಯ, ನಮ್ದು ಇನ್ನೂ ಸ್ಟ್ಯಾಂಡಲ್ಲೇ ಇದೆ!' ನಾನು ಚೀಲದ ಮೇಲೆ ಕೂತುಬಿಟ್ಟೆ, ಅಕ್ಷರಶಃ ಕೂತೆ. ಬೇರು ಹಿಡಿಯದ ಪೈರಿಗೆ ಹಾಕಿದ್ದು ನೀರಿನ ಪಾಲು, ತಡವಾಗಿ ಹಾಕಿದ್ದು ತೆನೆ ಬಾರದ ಸೋಮಾರಿ ಕಡ್ಡಿಗಳ ಪಾಲು ಎಂದು ನೀನು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಮರಿ ಒಡೆದ ಮೇಲೇ ಭಾವನ ಕೈಗೆ ಚೀಲ ಕೊಟ್ಟದ್ದು. ಅವರು ಗೊಬ್ಬರ ಎರಚುವುದನ್ನು ನೀನು ನೋಡಬೇಕು. ಎರಡು ಸಾಲುಗಳ ನಡುವೆ ಪಕ್ಕಕ್ಕೆ ತಿರುಗಿ ನುಸುಳುತ್ತ, ಆ ಕಡೆಗೊಂದು ಈ ಕಡೆಗೊಂದು ಕೊಡುತ್ತ, 'ಆಯ್ತಾ, ಆಯ್ತಾ, ಯಾರಾದ್ರೂ ಉಳಿದ್ರಾ?' ಎನ್ನುತ್ತ ಗದ್ದೆಯ ಆ ತುದಿ ಮುಟ್ಟುತ್ತಾರೆ. ಒಂದು ಬುಡವೂ ತಪ್ಪಿಲ್ಲ. ಆ ಮಟ್ಟಿಗೆ ಪ್ರಾಮಾಣಿಕ ಮನುಷ್ಯ.

ಮೂರನೆಯದಕ್ಕೆ ನೀನು ಹೇಳಿದ ಪರೀಕ್ಷೆಯೇ ಆಯಿತು. ದಂಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬುಡದ ಒಳಗೆ ಸಣ್ಣದೊಂದು ಬಿಳಿ ಗರಿ ಕಂಡರೆ ತೆನೆ ಗರ್ಭ ಕಟ್ಟಿದೆ ಎಂದರ್ಥ, ಆಗ ಕೊಟ್ಟರೆ ತೆನೆಗೆ ಕಾಳು ಹೆಚ್ಚು. ನಾವಿಬ್ಬರೂ ಬದುವಿನ ಮೇಲೆ ಮೊಣಕಾಲೂರಿ, ಕನ್ನಡಕಕ್ಕೆ ಕನ್ನಡಕ ತಾಗಿಸಿ ನೋಡಿದೆವು. 'ಕಂಡ್ತಾ?' ಎಂದರು ಭಾವ. 'ನಿಮ್ಮ ಮೂಗು ಕಾಣ್ತಿದೆ, ಸ್ವಲ್ಪ ಹಿಂದೆ ಸರೀರಿ' ಎಂದೆ. ಕೊನೆಗೂ ಕಂಡಿತು. ಅಕ್ಕಾ, ಕರಡಿನಲ್ಲಿ ಅಲ್ಪವಿರಾಮ ಹುಡುಕಿದ ಈ ಕಣ್ಣುಗಳಿಗೆ ಅದಕ್ಕಿಂತ ಚಿಕ್ಕದಾದ, ಅದಕ್ಕಿಂತ ಚೆಂದದ ವಸ್ತು ಇದುವರೆಗೆ ಕಂಡಿರಲಿಲ್ಲ. ಒಂದು ಕ್ಷಣ ನಾನು ಗೂಢಚಾರ ಎಂಬುದನ್ನೇ ಮರೆತೆ. ಅಲ್ಲೇ ನಾನು ಎಡವಿದ್ದು.

ಏಕೆಂದರೆ ಮುಂದಿನದು ಕೊನೆಯ ಗೊಬ್ಬರ. ತೆನೆ ಹೊರಗೆ ಮುಖ ತೋರಿಸುವಾಗ ಒಂದು ತೆಳು ಎರಚು. ನಿನ್ನ ಕಾಗದದಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ: 'ಇದನ್ನು ತಪ್ಪಿಸಿದರೆ ಕಾಳು ನುಚ್ಚಾಗುತ್ತದೆ, ಹೊಟ್ಟೆ ಬೆಳ್ಳಗಾಗುತ್ತದೆ, ಗಿರಣಿಯಲ್ಲಿ ನನ್ನ ಮುಖಕ್ಕೆ ಮಸಿ.' ಆ ದಿನ ನನಗೆ ಹಲ್ಲುನೋವು. ಭಾವ ಒಬ್ಬರೇ ಹೋಗಿ ಬಂದು ಕೈಕಾಲು ತೊಳೆಯುತ್ತ, 'ಎಲ್ಲ ಆಯ್ತಯ್ಯ. ಎಲ್ರಿಗೂ ಕೊಟ್ಟೆ' ಎಂದರು. ಕೇಳದೆಯೇ ಹೇಳಿದರು! ಕೇಳದೆ ಲೆಕ್ಕ ಒಪ್ಪಿಸುವ ಕಂಡಕ್ಟರನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಅಲ್ಲಿಂದಾಚೆಗೆ ಹಿತ್ತಲ ಬಾಗಿಲು ಮೌನ ವಹಿಸಿತು. ಬೆಳಗ್ಗೆ ನಾನು ಎದ್ದು ನೋಡುವಷ್ಟರಲ್ಲಿ ಭಾವನ ಹಾಸಿಗೆ ಖಾಲಿ, ಚಪ್ಪಲಿ ಮಾಯ. ಎಲ್ಲಿಗೆ ಹೋಗಿದ್ದಿರಿ ಎಂದರೆ 'ಗಾಳಿಗೆ' ಎನ್ನುತ್ತಾರೆ. ಗಾಳಿಗೆ ಹೋದವರ ಮೊಣಕಾಲವರೆಗೆ ಕೆಸರು.

ಸ್ವಲ್ಪ ದಿನ ಕಳೆದ ಮೇಲೆ ಗದ್ದೆಯೇ ಚಾಡಿ ಹೇಳಿತು. ಪಂಪಿನ ಕೋಣೆಯ ಪಕ್ಕದ ಆ ಪುಟ್ಟ ಮಡಿ ಗೊತ್ತಲ್ಲ, ನೀನು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಬದುವಿನ ಕೆಳಗಿನದು, ಅದೊಂದೇ ಬಿಳಿಚಿಕೊಳ್ಳತೊಡಗಿತು. ಉಳಿದದ್ದೆಲ್ಲ ಹಸಿರಾಗಿ ನಿಂತಿರುವಾಗ ಇದೊಂದು ಮಾತ್ರ ಮಸಿ ಕಡಿಮೆಯಾದ ಅಚ್ಚಿನ ಹಾಗೆ. ಇಂಥದ್ದು ನನ್ನ ಕಣ್ಣಿಗೆ ತಪ್ಪುತ್ತದೆಯೇ? ಪಂಪಿನ ಕೋಣೆಗೆ ನುಗ್ಗಿ ತಡಕಾಡಿದೆ. ಹಳೆಯ ಟೈರಿನ ಕೆಳಗೆ, ತಗಡಿನ ಡಬ್ಬದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಚ್ಚಿಟ್ಟ ಯೂರಿಯಾ ಸಿಕ್ಕಿತು! ಆ ಮಡಿಗೆ ಸಲ್ಲಬೇಕಾದಷ್ಟೇ ಇತ್ತು. ಎಲ್ಲರಿಗೂ ಕೊಟ್ಟವರು ಒಬ್ಬರಿಗೆ ಕೊಟ್ಟಿರಲಿಲ್ಲ.

ಅಲ್ಲಿಂದ ನನ್ನ ತಲೆ ಗಿರಣಿಯ ಪಟ್ಟಿಯ ಹಾಗೆ ಓಡಿತು. ಭಾವ ಆ ಗೊಬ್ಬರವನ್ನು ದಾನಶೂರನಿಗೆ ಕೊಡುತ್ತಿದ್ದಾರೆಯೇ? ಆದರೆ ದಾನಶೂರನಿಗೆ ಇನ್ನೂ ಗೊಬ್ಬರ ಕೊಡುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಮರೆತು, ಮರೆತದ್ದನ್ನು ಮುಚ್ಚಿಡುತ್ತಿದ್ದಾರೆಯೇ? ಇಷ್ಟು ಸಾಲದೆಂಬಂತೆ ಒಂದು ದಿನ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಿರಣಿಗೆ ಹೋದರು. ಕೊಯ್ಲಿಗೆ ಇನ್ನೂ ಎಷ್ಟೋ ದಿನವಿರುವಾಗ! ನಾನು ಗಿರಣಿಯ ಎದುರಿನ ಸೈಕಲ್ ಅಂಗಡಿಯಲ್ಲಿ, ನನ್ನಲ್ಲಿಲ್ಲದ ಸೈಕಲ್ಲಿಗೆ ಟ್ಯೂಬು ವಿಚಾರಿಸುತ್ತ ನಿಂತೆ. ಮಾದರಿ ನೋಡುವವನೂ ಭಾವನೂ ಹೆಗಲಿಗೆ ಹೆಗಲು ತಾಗಿಸಿ ಪಿಸಿಪಿಸಿ. ಅವನು ತಲೆ ಅಲ್ಲಾಡಿಸಿದ, ಭಾವ ಕೈ ಮುಗಿಯುವ ಹಾಗೆ ಮಾಡಿದರು, ಅವನು ನಕ್ಕ. ನನ್ನ ರಕ್ತ ಕುದಿಯಿತು. ನೀನು ಕಟ್ಟಿದ ಹೆಸರನ್ನು ಕೆಡಿಸಿ, ಈಗ ಮಾದರಿಯವನನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾರೆ ಎಂದೇ ತೀರ್ಮಾನಿಸಿದೆ. ಸೈಕಲ್ ಅಂಗಡಿಯವನು 'ಟ್ಯೂಬು ಯಾವ ಸೈಜು ಸಾರ್?' ಎಂದು ಕೇಳುತ್ತಲೇ ಇದ್ದ.

ಮರುದಿನ ಬೆಳಗ್ಗೆ ನಾನೂ ಸದ್ದಿಲ್ಲದ ಬಾಗಿಲಿನಿಂದ ಹೊರಬಿದ್ದೆ. (ಬಾಗಿಲಿಗೆ ಎಣ್ಣೆ ಹಾಕಿದರೆ ಅದು ಇಬ್ಬರಿಗೂ ಅನುಕೂಲ ಎಂಬುದು ಭಾವನಿಗೆ ಹೊಳೆದಿರಲಿಲ್ಲ.) ನನ್ನ ಯೋಜನೆ ಸರಳ. ಭಾವ ಮಾಡದ ಕೆಲಸವನ್ನು ನಾನು ಮಾಡಿ, ಆ ಮಡಿಗೆ ಕೊನೆಯ ಗೊಬ್ಬರ ಎರಚಿ, ನಿನ್ನ ಮಾನ ಉಳಿಸುವುದು, ಆಮೇಲೆ ನಿನಗೆ ವರದಿ ಕಳಿಸಿ ಭಾವನ ಮಾನ ಕಳೆಯುವುದು. ಡಬ್ಬದಿಂದ ಒಂದು ಮುಷ್ಟಿ ಯೂರಿಯಾ ತೆಗೆದು, ಪಂಚೆ ಎತ್ತಿಕಟ್ಟಿ, ಮಡಿಯೊಳಗೆ ಕಾಲಿಟ್ಟು, ಇನ್ನೇನು ತೋಳು ಬೀಸಬೇಕು, ಹಿಂದಿನಿಂದ 'ಇಳೀ! ಇಳೀ ಕೆಳಗೆ!' ಎಂಬ ಗರ್ಜನೆ. ಮೆಟ್ಟಿಲಿಗೆ ಜೋತುಬಿದ್ದ ಪಡ್ಡೆಗಳನ್ನು ಇಳಿಸಿದ ಅದೇ ಗಂಟಲು. ನಾನು ಇಳಿಯಲು ಅಲ್ಲಿ ಬಸ್ಸಿರಲಿಲ್ಲವಾದ್ದರಿಂದ ಕೆಸರಿನಲ್ಲಿ ಕೂತೆ. ಮುಷ್ಟಿ ಮಾತ್ರ ಬಿಡಲಿಲ್ಲ. ಯೂರಿಯಾ ಒದ್ದೆ ಕೈಯಲ್ಲಿ ಕರಗುತ್ತ ಬೆರಳೆಲ್ಲ ಐಸಿನ ಹಾಗೆ ತಣ್ಣಗಾಗುತ್ತಿತ್ತು. ಭಾವ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿದರು. ಬದುವಿನಾಚೆ ಅದನ್ನು ಕೊಡವಿ, ಕೈ ತೊಳೆಸಿ, 'ಒಂದು ಕಾಳಾದ್ರೂ ಒಳಗೆ ಬಿತ್ತಾ? ನಿಜ ಹೇಳು. ಬಿತ್ತಾ?' ಎಂದರು. ಉತ್ತರಕ್ಕೆ ಕಾಯದೆ ಕೆಸರಿಗೆ ಬಗ್ಗಿ ಒಂದೊಂದೇ ಬುಡ ತಡಕಿ ನೋಡಿದರು ಅಕ್ಕಾ. ಕಳ್ಳನಾದವನು ಹಾಗೆ ತಡಕುವುದಿಲ್ಲ ಎಂದು ಆಗಲೇ ಅನ್ನಿಸಿತು, ಆದರೆ ನಾನು ಅಷ್ಟು ಸುಲಭಕ್ಕೆ ನಂಬುವವನೇ?

ಅವರು ಹೇಳಿದ ಸಮಜಾಯಿಷಿ ಇದು. ನಾವು ಮೂವರೂ ಊಟಕ್ಕೆ ಕೂತಿದ್ದ ಯಾವುದೋ ಮಧ್ಯಾಹ್ನ ನೀನು ಹೇಳಿದ್ದೆಯಂತೆ, 'ಈ ಕೊನೇ ಗೊಬ್ಬರ ಇದೆಯಲ್ಲ, ಅದು ಗಿರಣಿಗೆ ಹಾಕೋದು, ನಾಲಿಗೆಗಲ್ಲ. ಕಾಳು ಗಟ್ಟಿಯಾಗಿ ಗಾಜಿನ ಹಾಗೆ ಹೊಳೆಯುತ್ತೆ, ಮುರಿಯಲ್ಲ. ಬೇಯಿಸಿದ್ರೆ ಮಾತ್ರ ಅನ್ನ ಬಿರುಸು.' ಹೇಳಿ ಆ ಬಿರುಸು ಅನ್ನವನ್ನೇ ಕಲಸಿಕೊಂಡು ಉಂಡೆಯಂತೆ. ನಾನೂ ಅಲ್ಲೇ ಕೂತಿದ್ದೆ, ನನಗೆ ನೆನಪಿಲ್ಲ. ಭಾವನಿಗೆ ನೀನು ಬಡಿಸಿಕೊಂಡ ಸೌಟಿನ ಸಮೇತ ನೆನಪಿದೆ. 'ಅವತ್ತು ಫೋನಲ್ಲಿ ಹುಡುಗಿ ರಬ್ಬರ್ ಅಂದಳಲ್ಲ, ಅಂಗಡೀಲಿ ಸಿಗೋದೂ ಗಿರಣಿಗೆ ಚೆಂದ ಕಾಣ್ಲಿ ಅಂತ ಬೆಳೆದ ಅಕ್ಕೀನೇ ಇರಬೇಕು ಕಣಯ್ಯ. ಅವಳಿಗೆ ಮೆತ್ತಗಿರೋದು ಬೇಕು. ಗಿರಣಿ ಹೆಸರೂ ಉಳೀಬೇಕು, ಅವಳೂ ಉಣ್ಬೇಕು. ಅದಕ್ಕೇ ಇದೊಂದು ಮಡಿ ಬಿಟ್ಟೆ' ಎಂದರು. ಗಿರಣಿಯಲ್ಲಿ ಕೈಮುಗಿದದ್ದು ಏಕೆ ಎಂದೆ. ಈ ಮಡಿಯ ಭತ್ತ ಸುಲಭಕ್ಕೆ ಮುರಿಯುತ್ತದೆ, ಬೇರೆಯಾಗಿ, ನಿಧಾನಕ್ಕೆ ಸುಲಿಸಿಕೊಡಪ್ಪ ಎಂದು ಬೇಡಿಕೊಂಡದ್ದಂತೆ. ಬಾಗಿಲಿನ ಎಣ್ಣೆ? 'ದಿನಾ ಬೆಳಗ್ಗೆ ಈ ಮಡಿ ನೋಡೋಕೆ ಬರೋದು ನಿನಗೆ ಗೊತ್ತಾಗ್ಬಾರ್ದಲ್ಲ. ನೀನು ಅವಳ ಕಡೆಯವನಲ್ವ, ಮತ್ತಿನ್ನೇನು?' ಎಂದರು.

ಎಷ್ಟು ಸೊಗಸಾದ ಕಥೆ ನೋಡು. ನನಗೆ ಅನುಮಾನ ಇನ್ನೂ ಜಾಸ್ತಿಯಾದದ್ದು ಅದರಿಂದಲೇ. ಕೆಲಸ ಮರೆತ ಗಂಡಸು ಸಿಕ್ಕಿಬಿದ್ದಾಗ ಪ್ರೀತಿಯ ಹಿಂದೆ ಅಡಗಿಕೊಳ್ಳುವುದು ಹೊಸದೇನಲ್ಲ. ಗೊಬ್ಬರ ಹಾಕದ್ದೂ ಪ್ರೀತಿ, ಬಾಗಿಲಿಗೆ ಎಣ್ಣೆ ಹಾಕಿದ್ದೂ ಪ್ರೀತಿ ಎಂದರೆ ಕೇಳುವವನಿಗೆ ತಲೆಯಲ್ಲಿ ಬುದ್ಧಿ ಇರಬಾರದೇ? ಭಾವನಿಗೂ ನನ್ನ ಮೇಲೆ ನಂಬಿಕೆ ಬರಲಿಲ್ಲ. ಅವರ ಲೆಕ್ಕದಲ್ಲಿ ನಾನು ಒಂದೆರಡು ಕಾಳು ಎಸೆದೇ ಎಸೆದಿದ್ದೇನೆ. ಹೀಗಾಗಿ ಕೊಯ್ಲಿನವರೆಗೆ ನಾವಿಬ್ಬರೂ ಆ ಪುಟ್ಟ ಮಡಿಯ ಎರಡು ತುದಿಗಳಲ್ಲಿ ನಿಂತು ಹಕ್ಕಿ ಓಡಿಸುವ ನೆಪದಲ್ಲಿ ಒಬ್ಬರನ್ನೊಬ್ಬರು ಕಾದೆವು. ಹಕ್ಕಿಗಳು ಪಾಪ, ಇಷ್ಟು ಬಂದೋಬಸ್ತು ಕಂಡು ದಾನಶೂರನ ಗದ್ದೆಗೆ ಹೋದವು. ಅಲ್ಲಿ ಅವಕ್ಕೆ ಕೂರಲು ಕಷ್ಟವೂ ಇರಲಿಲ್ಲ, ಅತಿಯಾಗಿ ಉಂಡ ಅವನ ಪೈರು ಒಂದು ಗಾಳಿಗೆ ಚಾಪೆ ಹಾಸಿದ ಹಾಗೆ ಮಲಗಿಬಿಟ್ಟಿತ್ತು. ಅರ್ಧಕ್ಕರ್ಧ ಜೊಳ್ಳು. ಅವನನ್ನು ಆಡಿಕೊಳ್ಳಲು ಭಾವನಿಗೂ ಮನಸ್ಸಾಗಲಿಲ್ಲ. 'ಓವರ್‌ಲೋಡ್ ಆಗಿತ್ತು ಮಾರಾಯ' ಎಂದಷ್ಟೇ ಹೇಳಿ, ಪೈರು ಎತ್ತಿ ಕಟ್ಟಲು ಕೈಹಾಕಿದರು.

ಈಗ ನೀನು ಉಸಿರು ಬಿಗಿಹಿಡಿದು ಕಾಯುತ್ತಿರುವ ಸುದ್ದಿ. ದೊಡ್ಡ ಮಡಿಗಳ ಭತ್ತ ಹೋದ ವಾರ ಗಿರಣಿಗೆ ಹೋಯಿತು. ಮಾದರಿಯವನು ದೀಪದ ಪೆಟ್ಟಿಗೆಯ ಮೇಲೆ ಹರಡಿ, ಬೆರಳಿನಿಂದ ಆ ಕಡೆ ಈ ಕಡೆ ತಳ್ಳಿ, ಬೇಕೆಂದೇ ನಮ್ಮನ್ನು ಸತಾಯಿಸಿ, ಕೊನೆಗೆ 'ಅಕ್ಕ ಇಲ್ದೇನೂ ಅಕ್ಕನ ಭತ್ತ ಬಂದಿದೆಯಲ್ಲ' ಎಂದ. ಮೊದಲ ರಾಶಿ! ಭಾವ ನನ್ನ ಬೆನ್ನಿಗೆ ಹೊಡೆದ ಏಟು ಇನ್ನೂ ಉರಿಯುತ್ತಿದೆ. ಪುಟ್ಟ ಮಡಿಯದು ಬೇಗ ಹಣ್ಣಾದ್ದರಿಂದ ಅದನ್ನು ಮೊದಲೇ ಕೊಯ್ದು ಬೇರೆಯಾಗಿ ಒಣಗಿಸಿ, ಬೇರೆಯಾಗಿ ಸುಲಿಸಿದ್ದರು. ಉಳಿದ ಮಡಿಗಳಿಗೆ ಹೋಲಿಸಿದರೆ ಫಸಲು ಕಡಿಮೆ. ನೋಡಲೂ ಸುಮಾರು, ಅಲ್ಲಲ್ಲಿ ಹೊಟ್ಟೆ ಬೆಳ್ಳಗೆ, ನುಚ್ಚೂ ಉಂಟು. ದೀಪದ ಪೆಟ್ಟಿಗೆಯ ಮೇಲೆ ಇಟ್ಟಿದ್ದರೆ ನಿನ್ನ ಹೆಸರು ಅವತ್ತೇ ಎರಡನೇ ರಾಶಿಗೆ ಜಾರುತ್ತಿತ್ತು. ಅಷ್ಟರಮಟ್ಟಿಗೆ ಭಾವನ ಮಾತು ನಿಜವಾಯಿತು. ಆದರೆ ನಿಜವಾಗಬೇಕಾದದ್ದು ಇನ್ನರ್ಧ. ಮೆತ್ತಗಿದೆಯೇ? ಗೊಬ್ಬರ ಮರೆತರೂ ಹೊಟ್ಟೆ ಬೆಳ್ಳಗಾಗುತ್ತದೆ, ನುಚ್ಚಾಗುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ವಾದ ಹೂಡಿದೆ.

ಆದ್ದರಿಂದ ನಿನ್ನೆ ನಮ್ಮ ಅಡುಗೆಮನೆಯಲ್ಲಿ ವಿಚಾರಣೆ ನಡೆಯಿತು. ದೊಡ್ಡ ಮಡಿಯ ಅಕ್ಕಿ, ಪುಟ್ಟ ಮಡಿಯ ಅಕ್ಕಿ, ಎರಡು ಪಾತ್ರೆ, ಎರಡು ಒಲೆ, ಒಂದೇ ಅಳತೆಯ ನೀರು. ಯಾವ ಪಾತ್ರೆಯಲ್ಲಿ ಯಾವ ಅಕ್ಕಿ ಎಂದು ನನಗೊಬ್ಬನಿಗೇ ಗೊತ್ತು. ಭಾವನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದೆ. ಭಾವ ನಾಲಿಗೆಗೂ ಸುಳ್ಳು ಹೇಳಿಸಬಲ್ಲರು, ನನ್ನ ಹಲ್ಲು ಇನ್ನೂ ನೋಯುತ್ತಿದೆ, ಆದ್ದರಿಂದ ತೀರ್ಪುಗಾರರಾಗಿ ಹಾಲು ಕೊಡುವ ಅಜ್ಜಿಯನ್ನು ಕೂರಿಸಿದೆವು. ಬಾಯಲ್ಲಿ ಬೆರಳೆಣಿಕೆಯಷ್ಟೇ ಹಲ್ಲು, ಅವೂ ಒಂದಕ್ಕೊಂದು ಎದುರಾಗಿಲ್ಲ. ಅಜ್ಜಿ ಮೊದಲನೆಯದನ್ನು ಬಾಯಿಗೆ ಹಾಕಿ ಆ ದವಡೆಯಿಂದ ಈ ದವಡೆಗೆ ದಾಟಿಸಿ ದಾಟಿಸಿ ನುಂಗಿದಳು. ಎರಡನೆಯದನ್ನು ಹಾಕಿದವಳು ಎಲ್ಲಿಗೂ ದಾಟಿಸದೆಯೇ ನುಂಗಿದಳು. ಇನ್ನೊಂದು ತುತ್ತು ತೆಗೆದುಕೊಂಡಳು. ಮತ್ತೊಂದು. 'ತೀರ್ಪು ಹೇಳಜ್ಜಿ' ಎಂದೆ. 'ಅದು ಹಲ್ಲಿರೋರಿಗೆ, ಇದು ನಂಗೆ' ಎಂದು ಪಾತ್ರೆಯನ್ನೇ ಹತ್ತಿರ ಎಳೆದುಕೊಂಡಳು. ಗೋಡೆಗೆ ಮುಖ ಮಾಡಿದ್ದ ಭಾವ ತಿರುಗಲಿಲ್ಲ. 'ಎಳೆದುಕೊಂಡಿದ್ದು ಯಾವುದಯ್ಯ?' ಎಂದರು. ಪುಟ್ಟ ಮಡಿಯದು ಎಂದೆ. ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಸುಣ್ಣ ಹೊಡೆಸಬೇಕು ಎಂದು ಏನೋ ಗೊಣಗಿದರು. ಮೂಗು ಕಟ್ಟಿದವರ ದನಿ.

ವಿಚಾರಣೆ ಇಲ್ಲಿಗೆ ಮುಕ್ತಾಯ. ಆರೋಪಿ ನಿರ್ದೋಷಿ ಎಂದು ಘೋಷಿಸಲು ನನಗೆ ಬೇಸರವಾಗುತ್ತಿದೆ, ಇಷ್ಟು ದಿನದ ದುಡಿಮೆ ನೀರಿನಲ್ಲಿ ಹೋಮವಾಯಿತು. ಹಾಗೆಂದು ಅವರನ್ನು ಪೂರ್ತಿ ನಂಬಿದ್ದೇನೆ ಎಂದುಕೊಳ್ಳಬೇಡ. ಬೆಳಗ್ಗೆಯಿಂದ ಬಸ್ಸಿನ ಸಮಯ ವಿಚಾರಿಸುತ್ತಿದ್ದಾರೆ. ಎಲ್ಲ ಬಸ್ಸುಗಳ ಸಮಯ ಬಾಯಿಪಾಠ ಇರುವ ಮನುಷ್ಯ ವಿಚಾರಿಸುತ್ತಿರುವುದೇಕೆ? ಅದನ್ನು ಕೆಳಗೆ ಬರೆಯುತ್ತೇನೆ. ನಿನ್ನ ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸು. ನೀನು ನನಗಿಂತ ದೊಡ್ಡವಳಾದ್ದರಿಂದ ನಿನಗೆ ಆಶೀರ್ವಾದ ಮಾಡುವಂತಿಲ್ಲ, ಆದರೂ ಬೇಗ ತೂಕ ಏರು ಎಂದು ಗದರುತ್ತೇನೆ. ಈ ಮನೆಯಲ್ಲಿ ನಮ್ಮಿಬ್ಬರನ್ನು ಒಟ್ಟಿಗೆ ಬಯ್ಯುವವರಿಲ್ಲದೆ ನಾವೇ ಒಬ್ಬರನ್ನೊಬ್ಬರು ಬಯ್ದುಕೊಳ್ಳಬೇಕಾಗಿದೆ, ಅದು ಸುಸ್ತಿನ ಕೆಲಸ.

ಇಂತಿ ನಿನ್ನ ಅನುಮಾನದ ತಮ್ಮ,
ಕೊಕ್ಕೆ

ತಾ.ಕ.: ಅವಸರದಲ್ಲಿದ್ದೇನೆ, ಭಾವ ಗೋಣಿ ಹೊಲಿಯಲು ದಬ್ಬಳ ಹುಡುಕುತ್ತ ಈ ಕೋಣೆಗೇ ಬರುತ್ತಿದ್ದಾರೆ. ನಾಡಿದ್ದು ಬೆಳಗಿನ ಬಸ್ಸಿಗೆ ಅವರು ಆ ಅಕ್ಕಿ ಹೊತ್ತು ನಿನ್ನಲ್ಲಿಗೆ ಹೊರಟಿದ್ದಾರೆ. ಹೇಳಬೇಕಾದ ಸುಳ್ಳನ್ನೂ ಕಟ್ಟಿಕೊಂಡಿದ್ದಾರೆ: 'ಗಿರಣಿಯೋರು ಬೇಡ ಅಂದ ಉಳಿಕೆ ಅಕ್ಕಿ ಕಣೇ, ಬಿಸಾಡೋದ್ಯಾಕೆ ಅಂತ ತಂದೆ.' ನಿನಗೊಬ್ಬಳಿಗೆಂದೇ ಬೆಳೆದದ್ದು ಎಂದು ಗೊತ್ತಾದರೆ 'ಇಷ್ಟು ಭತ್ತ ಹಾಳು ಮಾಡಿದ್ರಾ' ಎಂದು ನೀನು ಮುಟ್ಟುವುದಿಲ್ಲ, ಬಿಸಾಡುವುದು ಎಂದರೆ ತಪ್ಪದೆ ತಿನ್ನುತ್ತೀಯ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ. ಆದರೆ ನಿನ್ನ ನಾಲಿಗೆಯನ್ನು ಅವರು ಮರೆತಿದ್ದಾರೆ. ಒಂದು ತುತ್ತು ಬಾಯಿಗೆ ಹೋದದ್ದೇ ತಡ 'ಕೊನೇ ಗೊಬ್ಬರ ಹಾಕಿಲ್ಲ ಅಲ್ವಾ?' ಎಂದು ಅಳಿಯನ ಎದುರೇ ನೀನು ಗುಡುಗುತ್ತೀಯ, ಭಾವನಿಗೆ ನಿಲ್ಲಲು ಜಾಗವಿರುವುದಿಲ್ಲ. ಅದಕ್ಕೇ ಮೊದಲೇ ಬರೆದೆ. ಬಸ್ಸಿನವರೆಲ್ಲ ಅವರ ಸ್ನೇಹಿತರಾದ್ದರಿಂದ ಕಾಗದವನ್ನು ಹಾಲಿನ ಗಾಡಿಯಲ್ಲಿ ಕಳಿಸುತ್ತಿದ್ದೇನೆ. ನನಗೊಂದು ಉಪಕಾರ ಮಾಡು. ಹೊಗಳಬೇಡ, ನೀನು ಹೊಗಳಿದರೆ ನಾನು ಬಾಯಿಬಿಟ್ಟೆ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ನೀರು ಹೆಚ್ಚಾಯ್ತು ಎಂದೋ ಅಂಟಂಟಾಗಿದೆ ಎಂದೋ ಎಂದಿನ ಹಾಗೆ ಗೊಣಗು. ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ಬೇರೆಲ್ಲೋ ನೋಡುತ್ತಿರುತ್ತಾರೆ. ಗೊಣಗುತ್ತ ಗೊಣಗುತ್ತಲೇ ತಟ್ಟೆಯನ್ನು ಇನ್ನೊಂದು ಸೌಟಿಗೆಂದು ಅವರ ಮುಂದೆ ಹಿಡಿ.